ದಾಖಲೆ ಮತ್ತು ಅದನ್ನು ತಿದ್ದಿಸುವ ಹಕ್ಕು

ಕಂಪ್ಯೂಟರ್ ಎಷ್ಟೇ ಜಟಿಲವಾಗಿ ಕಂಡರೂ ಅದರ ಕೆಲಸ ನಾಲ್ಕೇ: ಕೊಟ್ಟದ್ದನ್ನು ಬರೆದಿಟ್ಟುಕೊಳ್ಳುವುದು, ಕೇಳಿದಾಗ ಹುಡುಕಿ ಕೊಡುವುದು, ಲೆಕ್ಕ ಹಾಕುವುದು, ಒಂದೆಡೆಯಿಂದ ಇನ್ನೊಂದೆಡೆಗೆ ಕಳಿಸುವುದು. ಕಂದಾಯ ಇಲಾಖೆಯ ತಂತ್ರಾಂಶ, ಎಪಿಎಂಸಿಯ ಆನ್‌ಲೈನ್ ಟೆಂಡರ್, ಅಂಗಡಿಯ ಕ್ಯೂಆರ್ ಕೋಡ್, ವಾಟ್ಸ್ಆ್ಯಪ್ ಗುಂಪು ಎಲ್ಲವೂ ಈ ನಾಲ್ಕು ಕೆಲಸಗಳ ಬೇರೆ ಬೇರೆ ಜೋಡಣೆಗಳು. ರಾಯಚೂರು ಜಿಲ್ಲೆಯ ಲಿಂಗಸುಗೂರು ಉಪವಿಭಾಗದ ಮೂರು ತಾಲ್ಲೂಕುಗಳಾದ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಈ ಜೋಡಣೆಗಳನ್ನೆಲ್ಲ ಒಟ್ಟಿಗೆ ನೋಡಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಒಣಭೂಮಿಯ ಜೋಳ, ತೊಗರಿ, ಕಡಲೆ, ಹತ್ತಿ, ಅಕ್ಕಿ ಗಿರಣಿಗಳು, ಹಟ್ಟಿಯ ಚಿನ್ನದ ಗಣಿ ಇಲ್ಲಿನ ಬದುಕಿನ ಆಧಾರ. ಬಿತ್ತನೆಯಿಂದ ಮಾರಾಟದವರೆಗೆ ಇಲ್ಲಿನ ರೈತನ ಹೆಸರು ಪಹಣಿ, ಬೆಳೆ ಸಮೀಕ್ಷೆ, ಬೆಳೆ ವಿಮೆ, ಬ್ಯಾಂಕ್, ಮಾರುಕಟ್ಟೆ ಎಂದು ಹಲವು ಗಣಕ ದಾಖಲೆಗಳನ್ನು ಹಾದು ಹೋಗುತ್ತದೆ. ಈ ವ್ಯವಸ್ಥೆಗಳ ಯಶಸ್ಸನ್ನು ಸಾಮಾನ್ಯವಾಗಿ ವೇಗದಿಂದ ಅಳೆಯುತ್ತಾರೆ: ಎಷ್ಟು ನಿಮಿಷಕ್ಕೆ ಪಹಣಿ ಸಿಕ್ಕಿತು, ಎಷ್ಟು ಸೆಕೆಂಡಿಗೆ ದುಡ್ಡು ಜಮಾ ಆಯಿತು ಎಂದು. ಆದರೆ ದಾಖಲೆ ಯಾರ ಬಗ್ಗೆ ಇದೆಯೋ ಅವರು ಅದನ್ನು ನೋಡಲು, ಅರ್ಥ ಮಾಡಿಕೊಳ್ಳಲು, ತಪ್ಪಿದ್ದರೆ ತಿದ್ದಿಸಲು ಸಾಧ್ಯವಿಲ್ಲದಿದ್ದರೆ ವೇಗದಿಂದ ಆಗುವ ಲಾಭ ಅರ್ಧವೇ.

ಮೊದಲನೆಯ ವಿಷಯ ದತ್ತಾಂಶ ಮತ್ತು ಮಾಹಿತಿಯ ನಡುವಿನ ಅಂತರ. ಸಿಂಧನೂರು ಭಾಗದಲ್ಲಿ ಭತ್ತದ ವ್ಯಾಪಾರ 75 ಕೆ.ಜಿ. ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಸರ್ಕಾರದ ಬೆಂಬಲ ಬೆಲೆ ಘೋಷಣೆಯಾಗುವುದು ಕ್ವಿಂಟಲ್ ಲೆಕ್ಕದಲ್ಲಿ. ಮೊಬೈಲಿಗೆ ‘ಭತ್ತ 1,750’ ಎಂಬ ಸಂದೇಶ ಬಂತು ಎನ್ನೋಣ. ಅದು ಬರಿ ಅಂಕಿ, ಅಂದರೆ ದತ್ತಾಂಶ. ಅದು ಚೀಲದ ದರವೆಂದು ತಿಳಿದರೆ ಕ್ವಿಂಟಲಿಗೆ ಸುಮಾರು 2,333 ರೂಪಾಯಿ ಆಗುತ್ತದೆ. 2025-26ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಮಾರುಕಟ್ಟೆ ಬೆಂಬಲ ಬೆಲೆಗಿಂತ ಕೆಳಗಿದೆ ಎಂಬ ಮಾಹಿತಿ ಹುಟ್ಟುತ್ತದೆ. ಯಾವ ತಳಿ, ತೇವಾಂಶ ಎಷ್ಟು, ಯಾವ ದಿನದ ದರ, ಗಿರಣಿ ಬಾಗಿಲಿನದೋ ಹೊಲದ ಬದುವಿನದೋ ಎಂಬುದು ಗೊತ್ತಾಗದೆ ಆ ಸಂದೇಶದ ಮೇಲೆ ಮಾರುವ ತೀರ್ಮಾನ ಮಾಡುವಂತಿಲ್ಲ. ಯಂತ್ರ ಅಂಕಿಯನ್ನು ತಪ್ಪಿಲ್ಲದೆ ಮುಟ್ಟಿಸುತ್ತದೆ, ಅದರ ಅಳತೆ ಮತ್ತು ಸಂದರ್ಭವನ್ನು ಮನುಷ್ಯರೇ ಸೇರಿಸಬೇಕು.

ಎರಡನೆಯದು ದತ್ತಾಂಶವನ್ನು ಕೂಡಿಡುವ ಡೇಟಾಬೇಸ್. ಸಾಲು ಮತ್ತು ಕಾಲಂಗಳಿರುವ ಪಹಣಿ ಇದಕ್ಕೆ ಕರ್ನಾಟಕದ ರೈತರಿಗೆಲ್ಲ ಪರಿಚಿತವಾದ ಉದಾಹರಣೆ. 9ನೇ ಕಾಲಂನಲ್ಲಿ ಮಾಲೀಕನ ಹೆಸರು, 11ರಲ್ಲಿ ಸಾಲದಂಥ ಋಣಭಾರ, 12ರಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ ಇರುತ್ತದೆ. ಬ್ಯಾಂಕಿನವರು ಮೊದಲು ನೋಡುವುದು 9 ಮತ್ತು 11ನ್ನೇ. ಈ ಕಾಗದ ದಶಕಗಳ ಕಾಲ ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. ಹೊಸ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಗತೊಡಗಿತು. ಅಷ್ಟೇ ಮಹತ್ವದ ಇನ್ನೊಂದು ಬದಲಾವಣೆಯೂ ಆಯಿತು. ದಾಖಲೆ ಬದಲಿಸುವ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗಬೇಕಾಯಿತು. ಹಕ್ಕು ಬದಲಾವಣೆಯ, ಅಂದರೆ ಮ್ಯುಟೇಶನ್ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕಾಯಿತು. ಯಾವ ಬದಲಾವಣೆಯನ್ನು ಯಾರು ಯಾವಾಗ ಮಾಡಿದರು ಎಂಬ ಗುರುತು ದಾಖಲೆಯ ಬೆನ್ನಿಗೇ ಉಳಿಯತೊಡಗಿತು.

ಭೂಮಿ ಯೋಜನೆಗೆ ಬಂದ ಮೆಚ್ಚುಗೆ ದೊಡ್ಡದು, ಟೀಕೆಯೂ ಸಣ್ಣದಲ್ಲ. ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ತಮ್ಮ ಅಧ್ಯಯನದಲ್ಲಿ, ದಾಖಲೆ ಒಂದೆಡೆ ಕೇಂದ್ರೀಕೃತವಾದರೆ ದೊಡ್ಡ ಖರೀದಿದಾರರಿಗೆ ಭೂಮಿ ಹುಡುಕುವುದು ಸುಲಭವಾಗುತ್ತದೆ, ಸ್ಥಳೀಯವಾಗಿ ಮಾತಾಡಿ ಬಗೆಹರಿಸಿಕೊಳ್ಳುವ ಅವಕಾಶ ಕುಗ್ಗುತ್ತದೆ ಎಂದು ವಾದಿಸಿದರು. ಈ ವಾದವನ್ನು ಪೂರ್ತಿ ಒಪ್ಪಬೇಕಿಲ್ಲ. ಆದರೂ ಅದು ತೋರಿಸುವ ತತ್ವ ಗಟ್ಟಿಯಾದದ್ದು: ಡೇಟಾಬೇಸಿಗೆ ಕಾಣುವುದು ಅದರಲ್ಲಿ ಕಾಲಂ ಇರುವ ಸಂಗತಿ ಮಾತ್ರ. ಸಿಂಧನೂರಿನ ನೀರಾವರಿ ಪ್ರದೇಶದಲ್ಲಿ ಲೀಜಿಗೋ ಪಾಲಿಗೋ ಹೊಲ ಮಾಡುವ ಕುಟುಂಬಗಳು ಹೇರಳ. 1974ರಲ್ಲಿ ತಿದ್ದುಪಡಿಯಾದ ಕರ್ನಾಟಕ ಭೂ ಸುಧಾರಣಾ ಕಾಯ್ದೆ ಕೆಲವು ವಿನಾಯಿತಿಗಳನ್ನು ಬಿಟ್ಟು ಗೇಣಿಯನ್ನು ನಿಷೇಧಿಸಿದೆ. ಹಾಗಾಗಿ ಈ ಒಪ್ಪಂದಗಳು ಬಾಯಿಮಾತಿನಲ್ಲಿ ನಡೆಯುತ್ತವೆ, ದಾಖಲೆಗೆ ಬರುವುದಿಲ್ಲ. ಬೆಳೆ ಕೈಕೊಟ್ಟಾಗ ಬೀಜ, ಗೊಬ್ಬರ, ಕೂಲಿಗೆ ಸಾಲ ಮಾಡಿದವರು ಒಬ್ಬರು, ಪರಿಹಾರದ ಹಣ ಜಮೆಯಾಗುವುದು ಪಹಣಿಯಲ್ಲಿ ಹೆಸರಿರುವ ಇನ್ನೊಬ್ಬರ ಖಾತೆಗೆ. ತಂತ್ರಾಂಶದಲ್ಲಿ ದೋಷವಿಲ್ಲ, ಕಾನೂನು ಒಪ್ಪದ ಸಂಬಂಧಕ್ಕೆ ಅದರಲ್ಲಿ ಜಾಗವಿಲ್ಲ ಅಷ್ಟೆ. ಇಂಥ ತಪ್ಪನ್ನು ನಾಡಕಚೇರಿಯ ಆಪರೇಟರ್ ಸರಿಪಡಿಸಲಾರ, ಶಾಸಕಾಂಗವೇ ಯೋಚಿಸಬೇಕು.

ಮೂರನೆಯದು ಒಂದು ದಾಖಲೆಯನ್ನು ಇನ್ನೊಂದಕ್ಕೆ ಬೆಸೆಯುವ ಗುರುತು. ಗಣಕ ಪರಿಭಾಷೆಯಲ್ಲಿ ಅದು ‘ಕೀ’. ಅದರ ಬಲವನ್ನು ತಿಳಿಯಲು ಮಸ್ಕಿಯ ಬಂಡೆಶಾಸನಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ದೇಶದ ಉದ್ದಗಲಕ್ಕೂ ಇರುವ ಶಾಸನಗಳಲ್ಲಿ ‘ದೇವಾನಂಪಿಯ ಪಿಯದಸಿ’ ಎಂಬ ಬಿರುದು ಕಂಡಿತು. ಬೌದ್ಧ ಗ್ರಂಥಗಳಲ್ಲಿ ಅಶೋಕ ಎಂಬ ಅರಸನ ಕಥೆಗಳಿದ್ದವು. ಸಿಂಹಳದ ಗ್ರಂಥಗಳ ಆಧಾರದಲ್ಲಿ ಇಬ್ಬರೂ ಒಬ್ಬರೇ ಎಂದು ವಿದ್ವಾಂಸರು ಊಹಿಸಿದ್ದರೂ ಯಾವ ಶಾಸನವೂ ಅದನ್ನು ನೇರವಾಗಿ ಹೇಳಿರಲಿಲ್ಲ. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಮಸ್ಕಿಯಲ್ಲಿ ಗುರುತಿಸಿದ ಶಾಸನದಲ್ಲಿ ‘ದೇವಾನಂಪಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೂ ಇತ್ತು. ಒಂದು ಪಟ್ಟಿಯಲ್ಲಿ ಬಿರುದು, ಇನ್ನೊಂದರಲ್ಲಿ ಹೆಸರು, ಎರಡನ್ನೂ ಸೇರಿಸಿದ, ಮೊದಲು ಸಿಕ್ಕ ಸಾಲು ಮಸ್ಕಿಯದು. ಆ ಒಂದು ಸಾಲಿನಿಂದ ಚದುರಿದ ಶಾಸನಗಳೆಲ್ಲ ಒಬ್ಬ ಅರಸನ ಲೆಕ್ಕಕ್ಕೆ ಖಚಿತವಾಗಿ ಸೇರಿದವು.

ಕರ್ನಾಟಕದ ‘ಫ್ರೂಟ್ಸ್’ ತಂತ್ರಾಂಶ ರೈತನಿಗೆ ಕೊಡುವ ಎಫ್‌ಐಡಿ ಸಂಖ್ಯೆ ಮಾಡುವ ಕೆಲಸವೂ ಇದೇ. ಪಹಣಿ, ಆಧಾರ್, ಬ್ಯಾಂಕ್ ಖಾತೆ, ಬೆಳೆ ವಿವರ ಎಲ್ಲವನ್ನೂ ಅದು ಒಂದು ಸಂಖ್ಯೆಯಡಿ ತರುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಜೋಳವನ್ನೋ ಭತ್ತವನ್ನೋ ಮಾರಲು ನೋಂದಣಿ ಮಾಡಿಸುವಾಗ ಮೊದಲು ಕೇಳುವುದು ಈ ಸಂಖ್ಯೆಯನ್ನು. ಬೆಸುಗೆ ಸರಿಯಾಗಿದ್ದರೆ ಪದೇ ಪದೇ ಕಾಗದ ಹೊಂದಿಸುವ ತಾಪತ್ರಯ ತಪ್ಪುತ್ತದೆ, ಮಧ್ಯವರ್ತಿ ಬೇರೆಯವರ ಹೆಸರಿನಲ್ಲಿ ಮಾರುವುದು ಕಷ್ಟವಾಗುತ್ತದೆ. ಬೆಸುಗೆ ತಪ್ಪಿದರೆ ಒಂದು ತಪ್ಪು ಎಲ್ಲ ಕಡೆಗೂ ಹರಡುತ್ತದೆ. ಗುರುಗುಂಟಾ ಅಮರೇಶ್ವರನ ಭಕ್ತರು ಹೆಚ್ಚಿರುವ ಲಿಂಗಸುಗೂರು ಸೀಮೆಯಲ್ಲಿ ಮಕ್ಕಳಿಗೆ ಅಮರೇಶ ಎಂದು ಹೆಸರಿಡುವುದು ಸಾಮಾನ್ಯ. ಒಬ್ಬನೇ ವ್ಯಕ್ತಿ ಪಹಣಿಯಲ್ಲಿ ‘ಅಮರಪ್ಪ’, ಆಧಾರ್‌ನಲ್ಲಿ ‘ಅಮರೇಶ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ಅಮರೇಶಪ್ಪ’ ಆಗಿರಬಹುದು. ಊರಿನವರಿಗೆ ಮೂವರೂ ಒಬ್ಬರೇ, ಯಂತ್ರಕ್ಕೆ ಅಕ್ಷರಗಳ ಮೂರು ಬೇರೆ ಸಾಲುಗಳು. ಹೆಸರು ಹೊಂದದೆ ನಿಂತ ಹಣಕ್ಕೆ ಅಪರಾಧಿಯಾಗಿ ಓಡಾಡಬೇಕಾದವನು ಮಾತ್ರ ಆ ರೈತ.

ತಿದ್ದುಪಡಿಗೆ ದಾರಿ ಇಟ್ಟಾಗ ಏನಾಗುತ್ತದೆ ಎಂಬುದನ್ನು ಬೆಳೆ ಸಮೀಕ್ಷೆ ತೋರಿಸುತ್ತದೆ. 2020ರಲ್ಲಿ ‘ನನ್ನ ಬೆಳೆ ನನ್ನ ಹಕ್ಕು’ ಎಂಬ ಘೋಷಣೆಯೊಂದಿಗೆ ರೈತರೇ ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಬೆಳೆಯ ಫೋಟೊ ತೆಗೆದು ದಾಖಲಿಸುವ ಅವಕಾಶ ಬಂತು. ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ತನ್ನ ಸರ್ವೆ ನಂಬರಿಗೆ ಯಾವ ಬೆಳೆ ನಮೂದಾಗಿದೆ ಎಂದು ನೋಡಿ ಆಕ್ಷೇಪಣೆ ಸಲ್ಲಿಸಬಹುದು. ತೊಗರಿ ಬಿತ್ತಿದ ಹೊಲಕ್ಕೆ ಹತ್ತಿ ಎಂದು ನಮೂದಾದರೆ ವಿಮೆ, ಪರಿಹಾರ, ಬೆಂಬಲ ಬೆಲೆ ಮೂರೂ ಏರುಪೇರಾಗುವುದರಿಂದ ಆಕ್ಷೇಪಣೆಯ ಈ ಒಂದು ಗುಂಡಿ ಇಡೀ ವ್ಯವಸ್ಥೆಯ ಅತ್ಯಂತ ಬೆಲೆಬಾಳುವ ಭಾಗ. ಪಹಣಿಯ ಹಕ್ಕು ಬದಲಾವಣೆಯ ವಿಷಯದಲ್ಲಿ ದಾರಿ ಇನ್ನೂ ಉದ್ದ: ಮ್ಯುಟೇಶನ್ ನೋಟಿಸಿಗೆ ಆಕ್ಷೇಪಣೆ, ನಂತರ ತಹಶೀಲ್ದಾರರು, 1964ರ ಭೂ ಕಂದಾಯ ಕಾಯ್ದೆಯ 136ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಆಮೇಲೆ ಜಿಲ್ಲಾಧಿಕಾರಿ. ಸಿಂಧನೂರು ಅಥವಾ ಮಸ್ಕಿಯ ಹಳ್ಳಿಯವನಿಗೆ ಇದರರ್ಥ ಲಿಂಗಸುಗೂರಿಗೂ ರಾಯಚೂರಿಗೂ ತಿರುಗಾಟ, ವಕೀಲರ ಶುಲ್ಕ, ಕಳೆದ ಕೂಲಿ. ಹಳೆಯ ತಾಲ್ಲೂಕುಗಳ ಹಳ್ಳಿಗಳನ್ನು ಸೇರಿಸಿ ಮಸ್ಕಿ ಹೊಸ ತಾಲ್ಲೂಕಾದ ಮೇಲೆ ಕಚೇರಿ ಹತ್ತಿರ ಬಂದಿದೆ. ತಪ್ಪು ನುಸುಳಲು ಒಂದು ಕ್ಷಣ ಸಾಕು, ಅದು ಹೋಗಲು ತಿಂಗಳುಗಳು ಬೇಕು ಎಂಬ ಅಸಮತೋಲ ಮಾತ್ರ ಹಾಗೆಯೇ ಇದೆ.

ನಾಲ್ಕನೆಯದು ನೆಟ್‌ವರ್ಕ್ ಮತ್ತು ಅದರ ಮೇಲೆ ನಿಲ್ಲುವ ಮಾರುಕಟ್ಟೆ ವೇದಿಕೆ. ಕೃಷಿ ಮಾರುಕಟ್ಟೆಗಳನ್ನು ಜಾಲಕ್ಕೆ ಜೋಡಿಸುವಲ್ಲಿ ಕರ್ನಾಟಕ ಮುಂದಿತ್ತು. ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಶುರುವಾಯಿತು, ಕೇಂದ್ರದ ಇ-ನಾಮ್ ಬಂದದ್ದು 2016ರ ಏಪ್ರಿಲ್ 14ರಂದು. ವಿಧಾನ ಸರಳ. ಗೇಟಿನಲ್ಲಿ ಮಾಲಿಗೆ ಲಾಟ್ ನಂಬರ್ ಬೀಳುತ್ತದೆ, ಖರೀದಿದಾರರು ಒಬ್ಬರ ದರ ಇನ್ನೊಬ್ಬರಿಗೆ ಕಾಣದಂತೆ ದರ ನಮೂದಿಸುತ್ತಾರೆ, ಗಣಕ ಹೆಚ್ಚಿನ ದರವನ್ನು ಆರಿಸುತ್ತದೆ, ರೈತನಿಗೆ ಒಪ್ಪಿಗೆಯಾಗದಿದ್ದರೆ ಮಾರದಿರುವ ಸ್ವಾತಂತ್ರ್ಯ ಇರುತ್ತದೆ. ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆ.

ಆದರೆ ವೇದಿಕೆ ಕಾಣುವುದು ಯಾರ್ಡಿಗೆ ಬಂದ ಮಾಲನ್ನು ಮಾತ್ರ. ಬಿತ್ತನೆಗೆ ಮುನ್ನ ಗೊಬ್ಬರ, ಔಷಧ, ಕೈಗಡವನ್ನು ವ್ಯಾಪಾರಿಯಿಂದ ಪಡೆದ ರೈತ ಸುಗ್ಗಿಯಲ್ಲಿ ಅದೇ ಅಂಗಡಿಗೆ ಮಾಲು ಹಾಕಬೇಕಾಗುತ್ತದೆ. ಹೊಲದಿಂದ ನೇರ ಗಿರಣಿಗೆ ಹೋಗುವ ಭತ್ತಕ್ಕೆ ಲಾಟ್ ನಂಬರ್ ಇಲ್ಲ. ಯಾರ್ಡಿನೊಳಗೂ ಅಧಿಕೃತ ಬಿಲ್ಲಿನ ಜೊತೆಗೆ ಲೆಕ್ಕಕ್ಕೆ ಸಿಗದ ‘ಬಿಳಿ ಚೀಟಿ’ಯ ಪದ್ಧತಿ ಉತ್ತರ ಕರ್ನಾಟಕದ ಮಾರುಕಟ್ಟೆಗಳಲ್ಲಿ ಹಳೆಯ ದೂರು. ದಲಾಲಿಯನ್ನು ಖರೀದಿದಾರನಿಂದ ಪಡೆಯಬೇಕೇ ಹೊರತು ರೈತನಿಂದಲ್ಲ ಎಂಬ ನಿಯಮವಿದ್ದರೂ ಕಡಿತ ನಡೆಯುವುದು ಆ ಚೀಟಿಯಲ್ಲಿ. ಕಂಪ್ಯೂಟರಿನಲ್ಲಿ ಒಂದು ಲೆಕ್ಕ, ಕೈಯಲ್ಲಿ ಇನ್ನೊಂದು. ಎರಡನ್ನೂ ತಾಳೆ ನೋಡುವವರಿಲ್ಲದಿದ್ದರೆ ಗಣಕೀಕರಣ ಮುಖವಾಡವಾಗುತ್ತದೆ.

ವ್ಯಾಪಾರಿಯ ಕಡೆಯ ಲೆಕ್ಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸಣ್ಣ ಪಟ್ಟಣಗಳ ಅಂಗಡಿಗಳಲ್ಲೂ ಖಾತೆ ಪುಸ್ತಕದ ಜಾಗಕ್ಕೆ ಬೆಂಗಳೂರಿನಲ್ಲೇ ರೂಪುಗೊಂಡ ಟ್ಯಾಲಿಯಂಥ ತಂತ್ರಾಂಶ ಬಂದಿದೆ. ಕಾಗದದಲ್ಲಿ ಹೊಡೆದು ಹಾಕಿದ ಅಂಕಿಯ ಗುರುತು ಉಳಿಯುತ್ತಿತ್ತು, ತೆರೆಯ ಮೇಲೆ ಅಳಿಸಿದರೆ ಸುಳಿವೇ ಇರುವುದಿಲ್ಲ. ಅದಕ್ಕೆಂದೇ 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ತಾನಾಗಿ ದಾಖಲಾಗಬೇಕು, ಅದನ್ನು ಆರಿಸುವಂತಿರಬಾರದು ಎಂಬ ನಿಯಮ ಬಂದಿದೆ. ಇದು ಕಂಪನಿ ಕಾಯ್ದೆಯ ನಿಯಮ. ಪಾಲುದಾರಿಕೆಯಲ್ಲೋ ಒಬ್ಬರ ಮಾಲೀಕತ್ವದಲ್ಲೋ ನಡೆಯುವ ಅಡತಿ ಅಂಗಡಿಗೆ ಇದು ಅನ್ವಯಿಸುವುದಿಲ್ಲ. ರೈತನ ಸಾಲ, ಬಡ್ಡಿ, ಜಮೆಯ ಲೆಕ್ಕ ಇರುವುದು ಅಂಥ ಅಂಗಡಿಗಳಲ್ಲೇ.

ಐದನೆಯದು ಡಿಜಿಟಲ್ ಪಾವತಿ. ಯುಪಿಐ 2016ರಲ್ಲಿ ಬಂತು. ಅಂಗಡಿಯ ಗೋಡೆಯ ಮೇಲಿನ ಕ್ಯೂಆರ್ ಚೌಕದಲ್ಲಿ ಹಣವಿಲ್ಲ, ವ್ಯಾಪಾರಿಯ ಪಾವತಿ ವಿಳಾಸವಿದೆ. ಗ್ರಾಹಕನ ಆ್ಯಪ್ ಅದನ್ನು ಓದಿ ತನ್ನ ಬ್ಯಾಂಕಿಗೆ ಆದೇಶ ಕಳಿಸುತ್ತದೆ, ರಾಷ್ಟ್ರೀಯ ಪಾವತಿ ನಿಗಮದ ಜಾಲ ಎರಡು ಬ್ಯಾಂಕುಗಳ ನಡುವೆ ಸಂದೇಶ ಸಾಗಿಸುತ್ತದೆ, ಒಂದು ಖಾತೆಯಲ್ಲಿ ಕಳೆದು ಇನ್ನೊಂದರಲ್ಲಿ ಕೂಡುತ್ತದೆ. ಪಿನ್ ಬೇಕಾಗುವುದು ಹಣ ಕೊಡುವಾಗ, ಪಡೆಯುವಾಗ ಅಲ್ಲ. ಈ ಒಂದು ಸಂಗತಿ ತಿಳಿದಿದ್ದರೆ ‘ಹಣ ಬರಬೇಕಾದರೆ ಪಿನ್ ಒತ್ತಿ’ ಎನ್ನುವ ವಂಚಕರ ಆಟ ನಡೆಯದು. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಯುಪಿಐ ತಳ್ಳುಗಾಡಿಯವರಿಗೂ ಮೊದಲ ಬಾರಿಗೆ ಆದಾಯದ ದಾಖಲೆ ಕೊಟ್ಟಿತು. ಬ್ಯಾಂಕ್ ಸಾಲ ಕೇಳುವಾಗ ಅದು ನೆರವಿಗೆ ಬರುತ್ತದೆ. ಅದರ ಇನ್ನೊಂದು ಮುಖ 2025ರ ಜುಲೈನಲ್ಲಿ ಕಂಡಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಆಧಾರದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ ಎಂಬ ನಿಯಮ ಇದ್ದದ್ದೇ. ಆದರೆ ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಮಾಲಿನ ಹಣ, ಕೈಗಡ, ಮನೆಯವರು ಕಳಿಸಿದ್ದು ಎಲ್ಲವೂ ಅದೇ ಖಾತೆಗೆ ಬಂದಿರುತ್ತದೆ. ಜಮೆಯ ಮೊತ್ತವೇ ವಹಿವಾಟಿನ ಮೊತ್ತವಲ್ಲ. ಬೆಂಗಳೂರಿನಲ್ಲಿ ಅಂಗಡಿಗಳ ಮುಂದಿನ ಕ್ಯೂಆರ್ ಫಲಕಗಳು ಕೆಳಗಿಳಿದವು, ವಿರೋಧ ಜೋರಾಯಿತು. ಕೊನೆಗೆ ಮುಖ್ಯಮಂತ್ರಿಗಳು ನೋಂದಣಿ ಮಾಡಿಸಿಕೊಳ್ಳುವ ವ್ಯಾಪಾರಿಗಳಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಪ್ರಕಟಿಸಬೇಕಾಯಿತು. ತೆರಿಗೆ ಕೇಳಿದ್ದು ಅನ್ಯಾಯವೆನ್ನಲಾಗದು. ವಿವರಣೆ ಕೊಡುವ ಅವಕಾಶಕ್ಕಿಂತ ಮೊದಲು ಮೊತ್ತ ನಮೂದಿಸಿದ ಕಾಗದ ಕೈಗೆ ಬಂದಾಗ, ತಮಗೆ ಉಪಕಾರಿಯಾಗಿದ್ದ ದಾಖಲೆಯನ್ನೇ ಜನ ದೂರ ತಳ್ಳುತ್ತಾರೆ ಎಂಬುದು ಈ ಪ್ರಸಂಗದ ಪಾಠ.

ಆರನೆಯದು ಸಾಮಾಜಿಕ ಜಾಲತಾಣ. ಇಲ್ಲಿ ಎರಡು ಬಗೆಯನ್ನು ಬೇರ್ಪಡಿಸಿ ನೋಡಬೇಕು. ಫೇಸ್‌ಬುಕ್, ಯೂಟ್ಯೂಬ್, ಇನ್‌ಸ್ಟಾಗ್ರಾಂಗಳಲ್ಲಿ ಯಾರಿಗೆ ಏನು ಕಾಣಬೇಕೆಂದು ಅಲ್ಗಾರಿದಂ ಆರಿಸುತ್ತದೆ. ಜಾಹೀರಾತೇ ಆದಾಯವಾದ್ದರಿಂದ ನೋಡುಗನನ್ನು ಹೆಚ್ಚು ಹೊತ್ತು ಹಿಡಿದಿಡುವುದು ಮೇಲೆ ಬರುತ್ತದೆ, ಯಾಕೆ ಮೇಲೆ ಬಂತು ಎಂದು ನೋಡುಗನಿಗೆ ತಿಳಿಯುವುದಿಲ್ಲ. ವಾಟ್ಸ್ಆ್ಯಪ್ ಸಂದೇಶಗಳನ್ನು ಅಲ್ಗಾರಿದಂ ಹಂಚುವುದಿಲ್ಲ, ಮನುಷ್ಯರು ಹಂಚುತ್ತಾರೆ. 2016ರಿಂದ ಅದರ ಸಂದೇಶಗಳು ಕಳಿಸುವವರಿಂದ ಪಡೆಯುವವರವರೆಗೆ ಗೂಢಲಿಪಿಯಲ್ಲಿ ಸಾಗುತ್ತವೆ, ಕಂಪನಿಯೂ ಓದಲಾಗದು. ಖಾಸಗಿತನಕ್ಕೆ ಒಳ್ಳೆಯದಾದ ಈ ಗುಣವೇ ಸುಳ್ಳಿನ ಮೂಲವನ್ನು ಹುಡುಕುವುದನ್ನು ಕಠಿಣ ಮಾಡುತ್ತದೆ. 2018ರ ಜುಲೈ 13ರಂದು ಕಲ್ಯಾಣ ಕರ್ನಾಟಕದ್ದೇ ಆದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿಗೆ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬ ಗುಂಪಿನ ಹಲ್ಲೆಯಲ್ಲಿ ಪ್ರಾಣ ಕಳೆದುಕೊಂಡ. ದೇಶದ ಹಲವೆಡೆ ಇಂಥ ಕೊಲೆಗಳು ನಡೆದ ಆ ತಿಂಗಳಲ್ಲೇ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ಬಂತು.

ದಾಖಲೆಯ ದೃಷ್ಟಿಯಿಂದ ಫಾರ್ವರ್ಡ್ ಸಂದೇಶದ ದೊಡ್ಡ ಕೊರತೆ ಅದರ ತಿದ್ದುಪಡಿಯದು. ಕಳಿಸಿದವನು ತನ್ನ ಪ್ರತಿಯನ್ನು ಅಳಿಸಬಹುದು, ಮುಂದಕ್ಕೆ ಹೋದ ಪ್ರತಿಗಳು ಅಳಿಯುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿ ಹೋದಾಗ ಎಡದಂಡೆಯ ರೈತರಿಗೆ ಬೇಕಾಗಿದ್ದದ್ದು ಮೂರು ಅಂಕಿಗಳು: ಹೊರಹರಿವು ಎಷ್ಟು, ಜಲಾಶಯದಲ್ಲಿ ಉಳಿದದ್ದೆಷ್ಟು, ಕಾಲುವೆಗೆ ನೀರು ಎಲ್ಲಿಯವರೆಗೆ. ನಾಟಿ ಉಳಿಸಿಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನ ಇವುಗಳ ಮೇಲೆ ನಿಂತಿತ್ತು. ಇಂಥ ಹೊತ್ತಿನಲ್ಲಿ ದಿನಾಂಕ, ಮೂಲ, ಸಮಯ ಇಲ್ಲದ ಸಂದೇಶಕ್ಕೆ ಬೆಲೆ ಕೊಡದಿರುವ ಅಭ್ಯಾಸ, ಅಧಿಕೃತ ಅಂಕಿಯನ್ನು ಕನ್ನಡದಲ್ಲಿ ತಡವಿಲ್ಲದೆ ಕೊಡುವ ಕಚೇರಿ ಎರಡೂ ಬೇಕು. ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬಾರದು.

ಇಷ್ಟಕ್ಕೆಲ್ಲ ಜನರಿಗೆ ಕಂಪ್ಯೂಟರ್ ಶಿಕ್ಷಣ ಕೊಟ್ಟರೆ ಸಾಕೆಂಬ ವಾದವಿದೆ. ಶಿಕ್ಷಣ ಬೇಕೇ ಬೇಕು. ಆದರೆ ಗುಂಡಿ ಒತ್ತುವುದನ್ನು ಕಲಿತವನೂ ಆಕ್ಷೇಪಣೆಯ ಗುಂಡಿಯೇ ಇಲ್ಲದ ತಂತ್ರಾಂಶದ ಮುಂದೆ ಅಸಹಾಯಕ. ಇನ್ನೊಂದು ವಾದ, ತಿದ್ದುಪಡಿಗೆ ಹೆಚ್ಚು ಅವಕಾಶ ಕೊಟ್ಟರೆ ವಂಚನೆಗೆ ದಾರಿಯಾಗುತ್ತದೆ ಎನ್ನುವುದು. ಇದಕ್ಕೆ ಉತ್ತರ ಭೂಮಿ ಯೋಜನೆಯ ಬೆರಳಚ್ಚಿನಲ್ಲೂ ಕಂಪನಿ ಲೆಕ್ಕದ ಜಾಡಿನಲ್ಲೂ ಇದೆ: ತಿದ್ದಿದವರ ಗುರುತು ಉಳಿದರೆ ತಿದ್ದುಪಡಿ ಅಪಾಯಕಾರಿಯಲ್ಲ.

ಕಾನೂನಿನ ಚೌಕಟ್ಟು ಭಾಗಶಃ ಸಿದ್ಧವಿದೆ. 2011ರ ಸಕಾಲ ಕಾಯ್ದೆ ಸೇವೆಗೆ ಗಡುವು ಹಾಕಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ನೀಡಬೇಕೆಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ ಬಗೆಗಿನ ಮಾಹಿತಿಯನ್ನು ತಿಳಿಯುವ, ತಿದ್ದಿಸುವ, ಅಳಿಸುವ ಹಕ್ಕನ್ನು ಬರೆದಿಟ್ಟಿದೆ. ಇವೆರಡರ ಆಶಯವನ್ನು ತಾಲ್ಲೂಕು ಮಟ್ಟಕ್ಕೆ ಇಳಿಸಲು ಮಾಡಬೇಕಾದದ್ದು ಸ್ಪಷ್ಟ. ಹೆಸರು ಹೊಂದದಂಥ ಸಣ್ಣ ತಪ್ಪುಗಳನ್ನು ನಾಡಕಚೇರಿಯಲ್ಲೇ ಗಡುವಿನೊಳಗೆ ತಿದ್ದುವ ಅಧಿಕಾರ ಇರಬೇಕು. ಎಫ್‌ಐಡಿಯಡಿ ಏನೇನು ಜೋಡಣೆಯಾಗಿದೆ ಎಂಬುದರ ಒಂದು ಪುಟದ ಕನ್ನಡ ಪ್ರತಿ ರೈತನಿಗೆ ಸಿಗಬೇಕು. ಅಡತಿ ಅಂಗಡಿಯ ಖಾತೆಯ ಪ್ರತಿ ಪಡೆಯುವುದು ರೈತನ ಹಕ್ಕಾಗಬೇಕು. ಲೀಜುದಾರರನ್ನು, ಮಾಲೀಕತ್ವಕ್ಕೆ ಧಕ್ಕೆಯಿಲ್ಲದಂತೆ, ಕನಿಷ್ಠ ಪರಿಹಾರದ ಮಟ್ಟಿಗಾದರೂ ದಾಖಲಿಸುವ ದಾರಿ ಹುಡುಕಬೇಕು. ಇವುಗಳಿಗೆ ಹೊಸ ಯಂತ್ರ ಬೇಕಿಲ್ಲ. ಈಗಿರುವ ತಂತ್ರಾಂಶಕ್ಕೆ ಕೆಲವು ಕಾಲಂ, ಕಚೇರಿಗೆ ಕೆಲವು ಅಧಿಕಾರ, ಅಂಗಡಿಗೆ ಒಂದು ನಿಯಮ ಸೇರಿಸಿದರೆ ಆಗುವ ಕೆಲಸಗಳು ಇವು.